ಕಾಣಕೋಣಕ್ಕೆ ಹೊರಟ ಮಗಳಿಗೊಂದು ಪತ್ರ

ಕುಮಟಾ, ಶುಕ್ರವಾರ ರಾತ್ರಿ

ಪುಟ್ಟೀ,

ಮೊನ್ನೆ ಊಟದ ಹೊತ್ತಿಗೆ ಆದ ಮಾತನ್ನು ಮತ್ತೆ ಎಳೆಯುವುದಿಲ್ಲ. ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಭಾನುವಾರ ನೀನು ಗೋವಾಕ್ಕೆ ಹೊರಡುವುದು ಖಂಡಿತ, ಅದು ಅರ್ಥವಾಯಿತು. ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಕೇರಳದ ವರ್ಕಲಾ ಸ್ಟೇಷನ್ನಿನಲ್ಲಿ ನೀನು ತಲೆ ತಿರುಗಿ ಬಿದ್ದದ್ದನ್ನು ಅಮ್ಮ ಇವತ್ತು ಬಾಯಿಬಿಟ್ಟಳು. ಆಗಿ ಎಷ್ಟೋ ತಿಂಗಳಾಯಿತಂತೆ. ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಎರಡು ಬಾಳೆಹಣ್ಣು, ಮಧ್ಯಾಹ್ನ ಒಂದು ಪ್ಯಾಕ್ ಬಿಸ್ಕೀಟು, ರಾತ್ರಿ ಚಹಾ. ಸಮುದ್ರದ ಕಡೆ ಹೋಟೆಲುಗಳು ದುಬಾರಿ ಅಂತ. ದುಬಾರಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಗುಡ್ಡದ ಸಾಲು ಬಿಟ್ಟು ಸ್ಟೇಷನ್ ಕಡೆ ಬಂದಿದ್ದರೆ ಪುಟ್ಟು-ಕಡಲೆ ಸಿಗುತ್ತಿತ್ತು, ಮೀನು ಸಾರು ಕುಚ್ಚಲಕ್ಕಿ ಅನ್ನ ಸಿಗುತ್ತಿತ್ತು. ದಿನಾ ಊರಿಗೆಲ್ಲ ಊಟ ಹಾಕುವವನ ಮಗಳು ಹಸಿದು ಬೀಳುವುದು ಅಂದರೇನು? ಬಿದ್ದಾಗ ರೈಲು ಬರುವ ಹೊತ್ತಾ? ಪ್ಲಾಟ್‌ಫಾರ್ಮಿನ ಅಂಚಲ್ಲಿ ಇದ್ದೆಯಾ, ಒಳಗಿದ್ದೆಯಾ? ಅಮ್ಮನಿಗೆ ಅದೇನೂ ಗೊತ್ತಿಲ್ಲ. ಯಾರೋ ಹೆಂಗಸು ಓಆರ್‌ಎಸ್ ಕುಡಿಸಿದಳು ಅಂತ ಮಾತ್ರ ಗೊತ್ತು. ಆ ತಾಯಿಗೆ ದೇವರು ಒಳ್ಳೆಯದು ಮಾಡಲಿ.

ನಾನು ಹುಡುಗನಾಗಿದ್ದಾಗ ಮಡಗಾಂವಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದವನು, ಅದು ನಿನಗೆ ಕೇಳಿ ಕೇಳಿ ಸಾಕಾಗಿರಬೇಕು. ಆದರೆ ಗೋವಾದಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವುದು ಹೇಗೆ ಅಂತ ನನಗೆ ಗೊತ್ತು. ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಬೆಳಿಗ್ಗೆ ಪೊದೇರ್, ಅಂದರೆ ಬ್ರೆಡ್ಡಿನವನು, ಸೈಕಲ್ಲಿನಲ್ಲಿ ಬರುತ್ತಾನೆ. ಹಿಂದೆ ದೊಡ್ಡ ಬುಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ, ಕೈಯಲ್ಲಿ ಪೋಂ ಪೋಂ ಹಾರ್ನು. ಪಾವ್ ತಗೋ, ಇಲ್ಲಾ ಪೊಯಿ ತಗೋ. ಪೊಯಿ ಮೇಲೆಲ್ಲ ತೌಡು, ಒಳಗೆ ಪೊಳ್ಳು. ಬಿಸಿ ಇರುವಾಗ ಹರಿದರೆ ಒಳಗಿಂದ ಹಬೆ ಬರುತ್ತದೆ. ಕಾಣಕೋಣದ ಚಾವಡಿ ಪೇಟೆಗೆ ಹೋದರೆ ಭಾಜಿ-ಪಾವ್ ಸಿಗುತ್ತದೆ. ಮುಂಬೈ ಥರ ಬೆಣ್ಣೆ ಹಾಕಿ ಅರೆದದ್ದಲ್ಲ. ಬಟಾಣಿಯ ತೆಳು ಪಾತಳ ಭಾಜಿ, ಆಲೂಗಡ್ಡೆಯ ಸುಕಿ ಭಾಜಿ. ಎರಡೂ ಸೇರಿಸಿ ಕೊಡು ಅಂದರೆ ಕೊಡುತ್ತಾರೆ. ಜೊತೆಗೆ ಒಂದು ಬನ್ಸು. ಮಧ್ಯಾಹ್ನದವರೆಗೆ ಚಿಂತೆ ಇಲ್ಲ.

ಮಧ್ಯಾಹ್ನ ಪಾಳೋಳೆಂ ಬೀಚಿನ ಹತ್ತಿರ ತಿನ್ನಬೇಡ. ಹೇಗೂ ಮಳೆಗಾಲಕ್ಕೆ ಅಲ್ಲಿನ ಶ್ಯಾಕುಗಳನ್ನು, ಆ ಗುಡಿಸಲು ಹೋಟೆಲುಗಳನ್ನು, ಬಿಚ್ಚಿಟ್ಟಿರುತ್ತಾರೆ. ಇದ್ದರೂ ಬೇಡ. ಎರಡು ಮೂರು ಕಿಲೋಮೀಟರ್ ಒಳಗೆ ಚಾವಡಿ ಇದೆ. ಅಲ್ಲಿ ಬಸ್ಸಿನ ಡ್ರೈವರುಗಳು, ಬ್ಯಾಂಕಿನವರು ಎಲ್ಲಿ ಕೂತಿರುತ್ತಾರೆ ನೋಡು. ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಹೋಗು. ಥಾಲಿ ಯಾಕೆ ಅಗ್ಗ ಗೊತ್ತಾ? ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಮಾಡಿ, ಬಂದವರಿಗೆಲ್ಲ ಅದನ್ನೇ ಬಡಿಸುತ್ತಾರೆ. ಗ್ಯಾಸು ಉಳಿಯುತ್ತದೆ, ಆಳು ಉಳಿಯುತ್ತದೆ, ಏನೂ ಮಿಗುವುದಿಲ್ಲ. ಎಂಟು ಪುಟದ ಮೆನು ಕಾರ್ಡು ಕಂಡರೆ ಒಳಗೆ ದೊಡ್ಡ ಫ್ರೀಜರ್ ಇದೆ ಅಂತ ತಿಳಿ. ಮೂರು ಗಂಟೆಗೆ ಹೋಗಿ 'ಥಾಲಿ ಇದೆಯಾ' ಅಂತ ಕೇಳಿ, 'ಇದೆ' ಅಂದರೆ ಎದ್ದು ಬಾ.

ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ, ನಮ್ಮಲ್ಲೂ ಅಲ್ಲೂ. ಈಗ 'ತಾಜಾ ಇಸ್ವಾಣ' (ಅಂಜಲ್ ಮೀನು) ಅಂತ ಬೋರ್ಡು ಹಾಕಿದವನನ್ನು ಸುಲಭಕ್ಕೆ ನಂಬಬೇಡ. ಐಸಿನಲ್ಲಿ ಇಟ್ಟದ್ದೇ ಜಾಸ್ತಿ. ರವಾ ಹಚ್ಚಿ ಕಾಯಿಸಿದರೆ ಹಳೇ ಮೀನೂ ಚಂದ ಕಾಣುತ್ತದೆ, ಇದು ಹೋಟೆಲಿನವನು ಹೇಳುವ ಮಾತು. ಈ ಎರಡು ತಿಂಗಳು ಒಣಮೀನಿನ ಕಾಲ. ಕಿಸ್ಮೂರ್ ಕೇಳು. ಒಣ ಸಿಗಡಿ ಹುರಿದು, ತೆಂಗಿನತುರಿ, ಈರುಳ್ಳಿ, ಹುಳಿ ಹಾಕಿ ಕಲೆಸಿರುತ್ತಾರೆ. ಅನ್ನ, ಸಾರು, ಕಿಸ್ಮೂರ್ ಇದ್ದರೆ ಬೇರೆ ಫ್ರೈ ಯಾಕೆ? ಫ್ರೈ ಬಿಲ್ಲಿಗೆ ಬೇರೆಯೇ ಸೇರುತ್ತದೆ. 'ಸೈಜಿನ ಪ್ರಕಾರ ರೇಟು' ಅಂತ ಬರೆದಿದ್ದರೆ ಮೊದಲು ತೂಗಿಸು, ರೇಟು ಕೇಳು, ಆಮೇಲೆ ಹೂಂ ಅನ್ನು. ಸರ್ವಿಸ್ ಚಾರ್ಜು ಹಾಕಿದರೆ ತೆಗೆಸು. ತಾವಾಗಿ ಹಾಕುವ ಹಾಗಿಲ್ಲ ಅಂತ ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಜಗಳ ಬೇಡ, ಸುಮ್ನೆ ನಗುತ್ತಾ ಕೇಳು. ಆ ಪೇಟೆಗಳಲ್ಲಿ ಬಾಗಲಕೋಟೆ, ಗದಗ ಕಡೆಯವರು ಬೇಕಾದಷ್ಟು ಇದ್ದಾರೆ, ಕನ್ನಡದಲ್ಲೇ ಕೇಳಬಹುದು.

ಸಂಜೆಗೆ ರಸ್ ಆಮ್ಲೆಟ್. ಮೊಟ್ಟೆಯ ಮೇಲೆ ಕೋಳಿ ಶಾಕುತಿಯ, ಅಂದರೆ ಗೋವಾದ ಮಸಾಲೆ ಸಾರಿನ, ಬಿಸಿ ರಸ ಸುರಿದು, ಈರುಳ್ಳಿ ಉದುರಿಸಿ, ನಿಂಬೆ ಹಿಂಡಿ ಪಾವಿನ ಜೊತೆ ಕೊಡುತ್ತಾರೆ. ರಸ ಕುದಿಯುತ್ತಿದೆಯಾ ನೋಡು. ಮಳೆಗಾಲದಲ್ಲಿ ಬಿಸಿ ಇಲ್ಲದ್ದು ಯಾವುದೂ ಬೇಡ. ಕಾಯಿ ಚಟ್ನಿ ಎಲ್ಲಕ್ಕಿಂತ ಮೊದಲು ಹಳಸುತ್ತದೆ. ಕತ್ತರಿಸಿಟ್ಟ ಹಣ್ಣು ಮುಟ್ಟಲೇಬೇಡ. ನೀರು ಕಾಯಿಸಿದ್ದೇ ಕೇಳಿ ತಗೋ. ಕಾಮಾಲೆ ಬಂದರೆ... ಇರಲಿ, ಅದನ್ನು ಬರೆಯುವುದಿಲ್ಲ.

ನೋಡು, ಹತ್ತು ಮಾತಿನಲ್ಲಿ ಮುಗಿಸುತ್ತೇನೆ ಅಂತ ಕೂತವನು ಹೋಟೆಲ್ ನಡೆಸುವ ಪಾಠ ಮಾಡಿಬಿಟ್ಟೆ. ನೀನು ಓದುವಾಗ ಹುಬ್ಬು ಗಂಟು ಹಾಕುತ್ತೀಯ, ನನಗೆ ಗೊತ್ತು.

ನಿನ್ನ ದುಡ್ಡಲ್ಲಿ ನೀನು ತಿರುಗುತ್ತೀಯ ಅಂತ ನಾನು ಗಲ್ಲೆಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತೇನೆ. ಅಮ್ಮನನ್ನು ಕೇಳು ಬೇಕಾದರೆ. ರೂಮಿನ ಬಾಡಿಗೆ ಕಡಿಮೆ ಅಂತ ಮಳೆಗಾಲವನ್ನೇ ಆರಿಸಿದ್ದು ಜಾಣತನ. ಮೊನ್ನೆ ಅದನ್ನು ಹೇಳಬೇಕು ಅಂತಲೇ ಬಾಯಿ ತೆರೆದವನು ಬೇರೇನೋ ಹೇಳಿದೆ. ದನಿ ಏರಿತು. ಬೇಜಾರು ಮಾಡಿಕೊಳ್ಳಬೇಡ. ಆದರೆ ರೂಮಲ್ಲಿ ಉಳಿಸು, ಆಟೋ ಬಿಟ್ಟು ಅಲ್ಲಿನ ಸರ್ಕಾರಿ ಕದಂಬ ಬಸ್ಸು ಹತ್ತಿ ಉಳಿಸು. ಊಟದಲ್ಲಿ ಬೇಡ. ಅಗ್ಗದ ಊಟ ಮಾಡುವುದು ಬೇರೆ, ಊಟವನ್ನೇ ಬಿಡುವುದು ಬೇರೆ. ನೀನು ಎರಡನ್ನೂ ಒಂದೇ ಅಂದುಕೊಂಡಿದ್ದೀಯ. ಎರಡು ಬಾಳೆಹಣ್ಣು ತಿಂದು ಇಡೀ ದಿನ ಬಿಸಿಲಲ್ಲಿ ನಡೆದವಳು ಬೀಳದೆ ಇನ್ನೇನಾಗುತ್ತಾಳೆ? ತಲೆಗೆ ಏಟಾಗಿತ್ತಾ? ಅದನ್ನಾದರೂ ಹೇಳು. ಬಿದ್ದದ್ದಕ್ಕಿಂತ, ಎದ್ದ ಮೇಲೆ ನನಗೆ ಫೋನ್ ಮಾಡಬೇಕು ಅಂತ ನಿನಗೆ ಅನ್ನಿಸಲಿಲ್ಲವಲ್ಲ, ಅದು ಕೊರೆಯುತ್ತಿದೆ. ಮಾಡಿದ್ದರೆ ನಾನು ಬೈಯುತ್ತಿದ್ದೆ. ಬೈದು, ಆಮೇಲೆ ರಾತ್ರಿ ರೈಲು ಹಿಡಿಯುತ್ತಿದ್ದೆ.

ಅಪ್ಪನ ದುಡ್ಡು ಬೇಡ ಅಂದೆಯಲ್ಲ, ಸರಿ, ಕಳಿಸುವುದಿಲ್ಲ. ಅಮ್ಮ ಬ್ಯಾಗಿನಲ್ಲಿ ಶೇಂಗಾ ಚಿಕ್ಕಿ, ಹುರಿದ ಅವಲಕ್ಕಿ ಇಟ್ಟಿದ್ದಾಳೆ. ತೆಗೆದಿಡಬೇಡ. ಓಆರ್‌ಎಸ್ ಪ್ಯಾಕೆಟ್ ಸೈಡ್ ಜೇಬಿನಲ್ಲಿದೆ, ಅದು ನಾನಿಟ್ಟದ್ದು.

ದಿನಾ ಫೋನ್ ಮಾಡು ಅನ್ನುವುದಿಲ್ಲ. ಮಧ್ಯಾಹ್ನ ಒಂದು ಮೆಸೇಜು ಹಾಕು, ಸಾಕು. 'ಊಟ ಆಯ್ತು' ಅಂತ ಅಲ್ಲ. ಏನು ತಿಂದೆ, ಬಿಲ್ ಎಷ್ಟಾಯಿತು, ಬರಿ. ಚಾವಡಿಯಲ್ಲಿ ಈಗ ಥಾಲಿ ಏನು ರೇಟಿಗೆ ಕೊಡುತ್ತಾರೆ ಅಂತ ನನಗೂ ತಿಳಿಯಬೇಕು.

ನಿನ್ನ
ಅಪ್ಪ