ಅಪ್ಪನಿಗೆ ಲೆಕ್ಕ, ಅವ್ವನಿಗೆ ಸಮಜಾಯಿಷಿ

ಡ್ರೆಸ್ಡನ್, ಜರ್ಮನಿ
28 ಸೆಪ್ಟೆಂಬರ್ 2025, ಭಾನುವಾರ

ಅಪ್ಪ, ಅವ್ವ, ಅಜ್ಜಿ ಮೂವರಿಗೂ ನಮಸ್ಕಾರಗಳು.

ನಾನು ಕ್ಷೇಮ. ಫೋನಿನಲ್ಲಿ ಹೇಳಿದ ಖರ್ಚಿನ ಲೆಕ್ಕ ಗಾಳಿಗೆ ಹೋಗುತ್ತದೆ, ಬರೆದು ಕಳಿಸು ಎಂದಿದ್ದಿರಲ್ಲ ಅಪ್ಪ, ಇವತ್ತು ಪುರುಸೊತ್ತಾಗಿದೆ. ಭಾನುವಾರ ಇಲ್ಲಿ ಅಂಗಡಿಗಳು ಬಂದ್. ಬುಧವಾರ ಹಾಸ್ಟೆಲ್ ಕೋಣೆಯ ಕೀಲಿ ಸಿಗುತ್ತದೆ. ಶುಕ್ರವಾರ ಅಕ್ಟೋಬರ್ 3, ಜರ್ಮನಿ ಒಂದಾದ ದಿನದ ರಜೆ, ಅಂದೂ ಬಂದ್. ಅದಕ್ಕೇ ಕೊಳ್ಳುವುದನ್ನೆಲ್ಲ ಮೊದಲೇ ಕೊಂಡು ಗೆಳತಿಯ ಕೋಣೆಯಲ್ಲಿ ಗುಡ್ಡೆ ಹಾಕಿದ್ದೇನೆ. ಅವಳು ಪಾಪ, ಅದನ್ನು ದಾಟಿಕೊಂಡೇ ಓಡಾಡುತ್ತಿದ್ದಾಳೆ.

ಕೋಣೆಯಲ್ಲಿ ಮಂಚ, ಹಾಸಿಗೆ, ಮೇಜು, ಕುರ್ಚಿ, ಬೀರು ಇರುತ್ತವೆ. ಹೊದಿಕೆ, ದಿಂಬು, ಪಾತ್ರೆ ನಮ್ಮವೇ ಆಗಬೇಕು. ಮೊದಲ ವಾರ ನಾನು ಏನನ್ನೂ ಕೊಳ್ಳಲಿಲ್ಲ. ಯಾವುದನ್ನು ಮುಟ್ಟಿದರೂ ಯೂರೋವನ್ನು ರೂಪಾಯಿ ಮಾಡಲು ಮನಸ್ಸು ನೂರರಿಂದ ಗುಣಿಸುತ್ತಿತ್ತು. ಪಾತ್ರೆ ತಿಕ್ಕುವ ನಾರಿಗೆ ಇನ್ನೂರು ರೂಪಾಯಿಯೇ ಎಂದು ಬರಿಗೈಯಲ್ಲಿ ಬಂದೆ. ಹೀಗೆ ಗುಣಿಸುತ್ತ ಕೂತರೆ ನೀನು ಚಳಿಗಾಲದಲ್ಲಿ ಪೇಪರ್ ಹೊದ್ದು ಮಲಗುತ್ತೀ ಎಂದು ಗೆಳತಿ ಬೈದಳು. ಈಗ ವೀಸಾಕ್ಕೆಂದು ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುವ 992 ಯೂರೋವನ್ನೇ ಸಂಬಳ ಎಂದುಕೊಂಡಿದ್ದೇನೆ. ಬಾಡಿಗೆ, ವಿಮೆ, ಊಟ ಎಲ್ಲ ಅದರಲ್ಲೇ. ಮನೆ ಸಾಮಾನಿಗೆ ನೂರು ಯೂರೋ, ಅದರಾಚೆ ಇಲ್ಲ ಎಂದು ಗೆರೆ ಎಳೆದುಕೊಂಡೆ.

ಅಪ್ಪ, ನೀವು ಹುಬ್ಬೇರಿಸುವ ಬಾಬತ್ತನ್ನು ಮೊದಲೇ ಹೇಳಿಬಿಡುತ್ತೇನೆ. ರಜಾಯಿಗೆ 45 ಯೂರೋ, ಅದರ ಗವಸಿಗೆ 14. ಎರಡೂ ಹೊಸವು. ಅಜ್ಜಿ ಹೊಲಿದ ಕೌದಿ ಇತ್ತಲ್ಲ ಎನ್ನುತ್ತೀರಿ. ಸೆಪ್ಟೆಂಬರಿನಲ್ಲೇ ಕೌದಿಯ ಒಳಗೆ ಸ್ವೆಟರ್ ಹಾಕಿಕೊಂಡು ಮಲಗಿದ್ದೇನೆ, ಆದರೂ ಪಾದ ಬೆಚ್ಚಗಾಗಲಿಲ್ಲ. ಉಳಿದದ್ದೆಲ್ಲ ಹಳೆಯದಾದರೂ ನಡೆದೀತು, ಇನ್ನೊಬ್ಬರು ಹೊದ್ದು ಬಿಟ್ಟ ರಜಾಯಿ ಮಾತ್ರ ಬೇಡವೆನಿಸಿತು. ಕೌದಿಯನ್ನು ಹಾಸಿಗೆಯ ಮೇಲೆ ಹಾಸುತ್ತೇನೆ. ವಿದ್ಯಾರ್ಥಿ ಪಾಸು ಅಕ್ಟೋಬರ್ 1ರಿಂದ ಶುರುವಾಗುವುದು. ಟ್ರಾಮಿನ ದುಡ್ಡು ಉಳಿಸಲು ಆ ರಜಾಯಿ ಮೂಟೆಯನ್ನು ತಬ್ಬಿಕೊಂಡು ನಡೆದೇ ಬಂದೆ. ಮುಂದಿನ ದಾರಿ ಕಾಣುತ್ತಿರಲಿಲ್ಲ.

ದಿಂಬಿನದು ಬೇರೆಯೇ ಕಥೆ. ಇಲ್ಲಿಯ ದಿಂಬು ಚೌಕ, ಎಂಬತ್ತು ಸೆಂಟಿಮೀಟರಿಗೆ ಎಂಬತ್ತು. ಕೂಸನ್ನು ಮಲಗಿಸಬಹುದು. ಅವ್ವ, ನೀನು ಕಸೂತಿ ಹಾಕಿ ಕೊಟ್ಟ ಗವಸಿಗೆ ಅದನ್ನು ಎರಡು ಮಡಿಕೆ ಮಾಡಿ ತುರುಕಬೇಕಾಗುತ್ತಿತ್ತು. ಇನ್ನೊಂದು ಕಪಾಟಿನಲ್ಲಿ ನಲವತ್ತಕ್ಕೆ ಎಂಬತ್ತರದೂ ಇತ್ತು, 9 ಯೂರೋ. ಗವಸಿನಿಂದ ನಾಲ್ಕು ಬೆರಳು ಹೊರಗೆ ಇಣುಕುತ್ತದೆ, ಇರಲಿ.

ನೀನು ಕೊಟ್ಟ ರೊಟ್ಟಿ ಹಂಚಿನ ವಿಷಯ ಹೇಳಲು ಸಂಕಟ. ಇಲ್ಲಿಯ ಒಲೆ ಗಾಜಿನ ಹಲಗೆಯಂತೆ ಸಪಾಟು. ನಿನ್ನ ಹಂಚಿನ ತಳ ದುಂಡಗೆ. ಗೆಳತಿಯ ಮನೆಯಲ್ಲಿ ಇಟ್ಟು ನೋಡಿದೆ. ಬುಗುರಿಯ ಹಾಗೆ ವಾಲಾಡಿತು. ರೊಟ್ಟಿ ನಡುವೆ ಕರಿಕು, ಅಂಚಿನಲ್ಲಿ ಹಸಿ ಹಿಟ್ಟು. ಅದಕ್ಕೇ ನಿನ್ನೆ ಎಲ್ಬೆ ನದಿಯ ದಡದಲ್ಲಿ, ಆಲ್ಬರ್ಟ್ ಸೇತುವೆಯ ಹತ್ತಿರ ಶನಿವಾರ ನಡೆಯುವ ಹಳೆ ಸಾಮಾನಿನ ಸಂತೆಗೆ ಹೋದೆ. ಒಂದು ದಪ್ಪ ಕಬ್ಬಿಣದ ಪ್ಯಾನ್ ಸಿಕ್ಕಿತು. ಅದನ್ನು ನೆಲದ ಕಲ್ಲಿನ ಮೇಲಿಟ್ಟು ಅಂಚನ್ನು ಒತ್ತಿ ನೋಡಿದೆ, ಅಲುಗಾಡಲಿಲ್ಲ. ಮಾರುವ ಮುದುಕಿ ನಕ್ಕಳು. ಎಂಟು ಹೇಳಿದಳು, ನಾನು ಬೆರಳು ಎತ್ತಿ ನಾಲ್ಕು ತೋರಿಸಿದೆ, ಐದಕ್ಕೆ ಕೊಟ್ಟಳು. ನನ್ನ ಜರ್ಮನ್ ಇನ್ನೂ ಬೆರಳುಗಳಲ್ಲೇ ಇದೆ. ಎರಡು ತಟ್ಟೆ, ಎರಡು ಬಟ್ಟಲು ಸೇರಿ 4, ಚಾಕು 2. ಪಕ್ಕದವನು ಪೂರ್ವ ಜರ್ಮನಿ ಇದ್ದ ಕಾಲದ ಮಿಕ್ಸರ್ ಒಂದನ್ನು ಎತ್ತಿ ತೋರಿಸಿದ. ಅದು ಮೊಟ್ಟೆ ಕಲಕುವಂಥದ್ದು, ಚಟ್ನಿ ಅರೆಯುವುದಿಲ್ಲ. ನಿನ್ನ ಶೇಂಗಾ ಚಟ್ನಿಪುಡಿ ಮುಗಿಯುವವರೆಗೆ ಚಿಂತೆಯಿಲ್ಲ.

ಮೇಜಿನ ದೀಪ ಪುಕ್ಕಟೆ. ಬೇಡವಾದ ಸಾಮಾನನ್ನು ಇಲ್ಲಿಯವರು ಡಬ್ಬಿಯಲ್ಲಿ ಹಾಕಿ, 'ಝು ಫರ್‌ಶೆಂಕನ್', ಅಂದರೆ ಸುಮ್ಮನೆ ಒಯ್ಯಿರಿ ಎಂದು ಬರೆದು ಮನೆಯ ಮುಂದೆ ಇಡುತ್ತಾರೆ. ಮೊದಲ ದಿನ ನಾಚಿಕೆಯಾಗಿ ಎರಡು ಸಲ ಅದರ ಮುಂದೆಯೇ ಹಾದುಹೋದೆ. ಮೂರನೆಯ ಸಲ ದೀಪ ಚೀಲದಲ್ಲಿತ್ತು.

ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ 4, ಬಕೆಟ್ಟು, ಸೋಪು, ಆ ನಾರು ಸೇರಿ 8. ಒಟ್ಟು 91 ಯೂರೋ. ಅಪ್ಪ, ಕೂಡಿಸಿ ನೋಡಿ.

ಬುಧವಾರ ನೀವು ಅಲ್ಲಿ ಟ್ರ್ಯಾಕ್ಟರಿಗೆ ಪೂಜೆ ಮಾಡುವಾಗ ನಾನು ಇಲ್ಲಿ ಎರಡು ಯೂರೋದ ಚಾಕುವಿಗೆ ಕುಂಕುಮ ಹಚ್ಚುತ್ತೇನೆ. ಹಂಚನ್ನೂ ಜೊತೆಗಿಡುತ್ತೇನೆ, ಕೆಲಸಕ್ಕೆ ಬರದಿದ್ದರೂ.

ಇಂತಿ,
ನಿಮ್ಮ ಮಗಳು

ಅವ್ವ, ಅಜ್ಜಿಗೆ ಓದಿ ಹೇಳುವಾಗ ರಜಾಯಿಯ ಬೆಲೆಯನ್ನು ಹಾರಿಸಿಬಿಡು. ಕೌದಿ ಸಾಕಷ್ಟು ಬೆಚ್ಚಗಿದೆ ಎಂದು ಹೇಳು.