ಆರನೇ ವರ್ಷದ ದವಡೆ ಹಲ್ಲನ್ನೂ ನೋಡಿ

ಮಾನ್ಯ ಸಂಪಾದಕರೇ,

ಒಂದನೇ, ಎರಡನೇ ತರಗತಿಯ ಕೆಲವು ಮಕ್ಕಳು ತಣ್ಣೀರು ಬಾಯಿಗೆ ತಾಗಿದರೆ ಮುಖ ಕಿವುಚುತ್ತಾರೆ. ಬಿಸಿಯೂಟವನ್ನು ಒಂದೇ ದವಡೆಯಲ್ಲಿ ಅಗಿಯುತ್ತಾರೆ. ಬಾಯಿ ತೆರೆಸಿದರೆ ಹಿಂಬದಿಯ ದವಡೆ ಹಲ್ಲಿನ ಮೇಲೆ ಕೆನೆಬಣ್ಣದ ಇಲ್ಲವೇ ಕಂದು ಮಚ್ಚೆ, ಉದುರಿದ ಅಂಚು ಕಾಣುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಕೇಳಿಬರುವ ಉತ್ತರ ಎರಡೇ: ‘ಚಾಕೊಲೇಟ್ ತಿಂದು ಹುಳುಕಾಗಿದೆ’, ‘ಹಾಲುಹಲ್ಲು, ಬಿದ್ದುಹೋಗುತ್ತದೆ ಬಿಡಿ’.

ಅದು ಹಾಲುಹಲ್ಲಲ್ಲ. ಆರನೇ ವಯಸ್ಸಿನ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಮೂಡುವ ಶಾಶ್ವತ ಹಲ್ಲು. ಅದರ ಎನಾಮಲ್ (ಹೊರಗಿನ ಗಟ್ಟಿ ಪದರ) ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ. ಆಗ ಖನಿಜಾಂಶ ಸರಿಯಾಗಿ ತುಂಬಿಕೊಳ್ಳದಿದ್ದರೆ ಹಲ್ಲು ಹುಟ್ಟುವಾಗಲೇ ದುರ್ಬಲ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು 13 ಮಕ್ಕಳಿಗೆ ಈ ತೊಂದರೆಯಿದೆ. ಅನೇಕರಿಗೆ ಮುಂದಿನ ಬಾಚಿಹಲ್ಲುಗಳ ಮೇಲೂ ಮಚ್ಚೆ ಇರುತ್ತದೆ. ಹಲ್ಲು ಉಜ್ಜದ ಸೋಮಾರಿ ಎಂದು ಅಂಥ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ಬೈಯುವುದು ಅನ್ಯಾಯ. ಆದರೆ ನೋವಿಗೆ ಹೆದರಿ ಉಜ್ಜದಿದ್ದರೆ ಹುಳುಕು ಇನ್ನೂ ಬೇಗ ಹಿಡಿಯುತ್ತದೆ.

ದಂತವೈದ್ಯರಿಗೆ ಬೇಗ ತೋರಿಸಿದರೆ ಹಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡ್ ಲೇಪನ (ವಾರ್ನಿಷ್) ಹಚ್ಚುತ್ತಾರೆ, ಗುಳಿಗಳನ್ನು ಮುಚ್ಚುತ್ತಾರೆ. ಅಂಚು ಉದುರಿದ್ದರೆ ಗ್ಲಾಸ್ ಅಯಾನೊಮರ್ ಎಂಬ ಹಲ್ಲಿನ ಸಿಮೆಂಟ್ ತುಂಬುತ್ತಾರೆ ಅಥವಾ ಉಕ್ಕಿನ ಕ್ಯಾಪ್ ಹಾಕುತ್ತಾರೆ. ತಡಮಾಡಿದಷ್ಟೂ ಕಷ್ಟ: ಇಂಥ ಹಲ್ಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೂಡ ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ, ಮಗು ದಂತವೈದ್ಯರೆಂದರೆ ಜನ್ಮವಿಡೀ ಬೆದರುತ್ತದೆ. ಉಳಿಸಲಾಗದ ಹಲ್ಲನ್ನು 8ರಿಂದ 10 ವರ್ಷದ ನಡುವೆ ವೈದ್ಯರು ಎಕ್ಸ್‌ರೇ ನೋಡಿ ತೆಗೆದರೆ, ಹಿಂದಿನ ಹಲ್ಲು ಮುಂದೆ ಸರಿದು ಆ ಜಾಗವನ್ನು ತುಂಬುವ ಸಾಧ್ಯತೆ ಹೆಚ್ಚು. ಆ ವಯಸ್ಸು ದಾಟಿದರೆ ಅವಕಾಶ ಕಡಿಮೆ.

ಮನೆಯಲ್ಲಿ ಉಪ್ಪು, ಇದ್ದಿಲು ಪುಡಿ ಹಾಕಿ ಮಚ್ಚೆ ಉಜ್ಜುವುದನ್ನು ದಯವಿಟ್ಟು ನಿಲ್ಲಿಸಿ. 1000 ಪಿಪಿಎಂ ಅಥವಾ ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಸಾಕು. ಮಲೆನಾಡಿನ ಚಳಿಯಲ್ಲಿ ಬಾಯಿ ಮುಕ್ಕಳಿಸಲು ಬಚ್ಚಲಿನ ಹಂಡೆಯ ಉಗುರುಬೆಚ್ಚಗಿನ ನೀರು ಕೊಡಿ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಬರುವ ತಂಡಗಳು ಹುಳುಕು ಹಲ್ಲನ್ನು ಗುರುತಿಸುತ್ತವೆ. ಅವರು ಆರು–ಏಳು ವರ್ಷದ ಮಕ್ಕಳ ಈ ಹಲ್ಲನ್ನು ಟಾರ್ಚ್ ಹಿಡಿದು ನೋಡಿ, ಮಚ್ಚೆಯಿದ್ದರೆ ಪಾಲಕರಿಗೆ ಚೀಟಿ ಬರೆದುಕೊಡಲಿ. ಚೀಟಿ ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬರುವ ತಾಯಿಯನ್ನು ಶಿವಮೊಗ್ಗಕ್ಕೆ ಹೋಗಿ ಎಂದು ಸಾಗಹಾಕದಂತೆ, ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ವಾರ್ನಿಷ್ ಮತ್ತು ಮಕ್ಕಳ ಅಳತೆಯ ಕ್ಯಾಪ್‌ಗಳನ್ನು ಜಿಲ್ಲಾ ಆರೋಗ್ಯ ಇಲಾಖೆ ಮುಂದಿನ ಶೈಕ್ಷಣಿಕ ವರ್ಷದೊಳಗೆ ಒದಗಿಸಬೇಕು.

– ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು