ಲ್ಯಾಪ್‌ಟಾಪ್ ಕೊಡುವವರು ಪ್ಲಗ್ ಪಾಯಿಂಟೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮೂಡಿಗೆರೆ ಕಡೆಯ ವೈರಿಂಗ್ ಕೆಲಸದವನು. ಮನೆ, ಎಸ್ಟೇಟಿನ ಲೈನ್ ಮನೆ, ಹೋಮ್‌ಸ್ಟೇ, ಪಂಪ್‌ಸೆಟ್ಟು, ಕರೆದಲ್ಲಿಗೆ ಹೋಗುತ್ತೇನೆ. ಪೇಪರಿಗೆ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ದಯವಿಟ್ಟು ಹಾಕಿ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ನಮ್ಮ ತಾಲ್ಲೂಕಿನ ಒಂದು ಶಾಲೆಗೆ ದಾನಿಗಳು 12 ಲ್ಯಾಪ್‌ಟಾಪ್ ಕೊಟ್ಟರು. ಹಳೆಯವು, ಆದರೆ ಚೆನ್ನಾಗಿದ್ದವು. ಹಾರ, ಶಾಲು, ಫೋಟೊ, ಉಪ್ಪಿಟ್ಟು, ಕೇಸರಿಬಾತ್ ಎಲ್ಲಾ ಆಯಿತು. ಅವರ ಕಾರು ಹೋದ ಮೇಲೆ ನೋಡಿದರೆ ಆ ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ಪ್ಲಗ್ ಪಾಯಿಂಟು, ಅದೂ ಫ್ಯಾನ್ ರೆಗ್ಯುಲೇಟರ್ ಪಕ್ಕದ 6 ಆಂಪ್ಸಿನದು. ಹೆಡ್ ಮೇಡಂ ಪಾಪ ಏನು ಮಾಡುತ್ತಾರೆ, ಪೇಟೆಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ತರಿಸಿದರು. ಅದಕ್ಕೆ ಇನ್ನೊಂದು ಬೋರ್ಡು, ಅದರ ಬಾಲಕ್ಕೆ ಮತ್ತೊಂದು, ರೈಲು ಬೋಗಿ ಥರ.

ಒಂದು ತಿಂಗಳಾದ ಮೇಲೆ ಫೋನ್ ಬಂತು. "ಅಣ್ಣ, ಕೋಣೆಯಲ್ಲಿ ಮೀನು ಸುಟ್ಟ ವಾಸನೆ ಬರ್ತಿದೆ, ಇಲಿ ಸತ್ತಿದೆಯೋ ಏನೋ ಅಂತ ಎಲ್ಲಾ ಹುಡುಕಿದ್ವಿ." ಇಲಿ ಅಲ್ಲ, ಸ್ವಿಚ್‌ಬೋರ್ಡ್ ಬಿಸಿಯಾಗಿ ಸುಡುವಾಗ ಹಾಗೇ ವಾಸನೆ ಬರುತ್ತದೆ. ಮೇನ್ ಆಫ್ ಮಾಡಿ, ಬರ್ತೀನಿ ಅಂದೆ. ಹೋಗಿ ನೋಡಿದರೆ ಗೋಡೆಯ ಸಾಕೆಟ್ಟಿನ ಒಂದು ತೂತಿನ ಸುತ್ತ ಕಾಫಿ ಲೋಟದ ಕಲೆ ಥರ ಕಂದು ಬಳೆ ಬಿದ್ದಿದೆ. ಪ್ಲಗ್ಗಿನ ಪಿನ್ ಒಂದು ಮಾತ್ರ ಕಪ್ಪಗಾಗಿದೆ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಪಿನ್ನನ್ನು ಸರಿಯಾಗಿ ಹಿಡಿದುಕೊಂಡಿರಲಿಲ್ಲ. ಸಡಿಲ ಇದ್ದಲ್ಲೇ ಬಿಸಿ, ಬಿಸಿಯಾದಷ್ಟೂ ಇನ್ನೂ ಸಡಿಲ.

ಆದರೆ ನಾನು ಲೆಕ್ಕ ಹಾಕಿದಾಗ ನನಗೇ ತಲೆ ಕೆಟ್ಟಿತು. ಒಂದೊಂದು ಅಡಾಪ್ಟರ್ ಮೇಲೆ 19 ವೋಲ್ಟ್, 3.42 ಆಂಪ್ಸ್ ಅಂತ ಬರೆದಿದೆ, ಅಂದರೆ 65 ವ್ಯಾಟ್. 12 ಸೇರಿದರೆ 780. ಒಂದು ಇಸ್ತ್ರಿಪೆಟ್ಟಿಗೆಯಷ್ಟೂ ಇಲ್ಲ! 230 ವೋಲ್ಟಿಗೆ ಭಾಗಿಸಿದರೆ ಮೂರೂವರೆ ಆಂಪ್ಸ್ ಕೂಡ ಆಗುವುದಿಲ್ಲ. ಹೊಸ ಸಾಕೆಟ್ ಹಾಕಿ, ಎಲ್ಲವನ್ನೂ ಚಾರ್ಜಿಗಿಟ್ಟು, ವೈರಿನ ಸುತ್ತ ಹಿಡಿದು ಆಂಪ್ಸ್ ನೋಡುವ ಕ್ಲ್ಯಾಂಪ್ ಮೀಟರ್ ಹಾಕಿದರೆ 6 ಆಂಪ್ಸ್ ದಾಟಿ ತೋರಿಸುತ್ತಿದೆ. ಮೀಟರ್ ಕೆಟ್ಟಿತಾ ಅಂತ ಎರಡು ಸಲ ನೋಡಿದೆ. ಕೆಟ್ಟಿರಲಿಲ್ಲ. ಈ ಚಿಕ್ಕ ಅಡಾಪ್ಟರ್‌ಗಳು ಹಳೇ ಫಿಲಮೆಂಟ್ ಬಲ್ಬಿನ ಥರ ಒಂದೇ ಸಮ ಕರೆಂಟ್ ಎಳೆಯುವುದಿಲ್ಲ, ವೋಲ್ಟೇಜಿನ ಅಲೆ ತುದಿ ಮುಟ್ಟಿದಾಗ ಮಾತ್ರ ಗಬಕ್ಕನೆ ಎಳೆಯುತ್ತವೆ, ಹಾಗಾಗಿ ವ್ಯಾಟ್ ಕಡಿಮೆ ಇದ್ದರೂ ವೈರಿನಲ್ಲಿ ಓಡುವ ಆಂಪ್ಸ್ ಜಾಸ್ತಿ. ಇದನ್ನು ಸರಿಪಡಿಸುವ ಸರ್ಕ್ಯೂಟ್ 75 ವ್ಯಾಟಿಗಿಂತ ಚಿಕ್ಕ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇನ್ವರ್ಟರ್ ಮೇಲೆ ವ್ಯಾಟ್ ಬಿಟ್ಟು ವಿಎ (ವೋಲ್ಟ್ ಗುಣಿಸು ಆಂಪ್ಸ್) ಅಂತ ಬರೆದಿರುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. 900 ವಿಎ ಇನ್ವರ್ಟರಿಗೆ 780 ವ್ಯಾಟ್ ಲ್ಯಾಪ್‌ಟಾಪ್ ಹಾಕಿ ಯಾಕೆ ಕೂಗುತ್ತೆ ಅಂತ ಕೇಳುವ ಹೋಮ್‌ಸ್ಟೇಯವರಿಗೂ ಇದೇ ಉತ್ತರ.

ಈಗ ನನ್ನ ತಪ್ಪು ಹೇಳುತ್ತೇನೆ.

ಇಷ್ಟೊಂದು ಅಡಾಪ್ಟರ್ ಯಾಕೆ, ಒಂದೇ ದೊಡ್ಡ ಸಪ್ಲೈ ಇಟ್ಟು ಎಲ್ಲದಕ್ಕೂ ಅಲ್ಲಿಂದಲೇ ವೈರ್ ಎಳೆದರೆ ಆಯಿತಲ್ಲ ಅನ್ನಿಸಿತು. ನನ್ನ ಹತ್ತಿರ 24 ವೋಲ್ಟ್, 15 ಆಂಪ್ಸಿನ ಒಂದು ಎಸ್‌ಎಂಪಿಎಸ್ (ಮನೆ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿ ಮಾಡುವ ಡಬ್ಬ) ಸುಮ್ನೆ ಬಿದ್ದಿತ್ತು. ಅದರ ಪಕ್ಕದ ಚಿಕ್ಕ ತಿರುಪು ತಿರುಗಿಸಿ 20 ವೋಲ್ಟಿಗೆ ಇಳಿಸಿದೆ. ಕೆಟ್ಟ ಅಡಾಪ್ಟರ್‌ಗಳ ವೈರು, ಪಿನ್ ಕತ್ತರಿಸಿ ಜೋಡಿಸಿ, ನೋಡೋಣ ಅಂತ ನಾಲ್ಕು ಲ್ಯಾಪ್‌ಟಾಪಿಗೆ ಕೊಟ್ಟೆ. ಮೂರು ಚಾರ್ಜ್ ಆದವು. ಡೆಲ್ ಒಂದು ಮಾತ್ರ ಆನ್ ಆಯಿತು, ಆದರೆ ಬ್ಯಾಟರಿ ಏರಲೇ ಇಲ್ಲ. ಅದರ ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ, ಅದರ ಮೂಲಕ ಲ್ಯಾಪ್‌ಟಾಪು ಅಡಾಪ್ಟರನ್ನು 'ನೀನು ಯಾರು' ಅಂತ ಕೇಳುತ್ತದೆ. ನನ್ನ ಡಬ್ಬಕ್ಕೆ ಹೇಳಲು ಉತ್ತರ ಇರಲಿಲ್ಲ.

ಅದು ತೊಂದರೆಯಲ್ಲ. ತೊಂದರೆ ಆದದ್ದು ಬೆಂಚಿನ ಕಾಲಿನಡಿ ಸಿಕ್ಕಿ ಒಂದು ವೈರ್ ನುಜ್ಜಾದಾಗ. ಪೂರ್ತಿ ಶಾರ್ಟ್ ಆಗಿದ್ದರೆ ಸಪ್ಲೈ ನಿಂತುಹೋಗುತ್ತಿತ್ತು. ಆದದ್ದು ಅರೆಬರೆ. ಮಾಮೂಲಿ ಅಡಾಪ್ಟರ್ ಆದರೆ ನಾಲ್ಕೈದು ಆಂಪ್ಸ್ ದಾಟುತ್ತಿದ್ದ ಹಾಗೇ ಆಫ್ ಆಗುತ್ತದೆ. 15 ಆಂಪ್ಸಿನ ಸಪ್ಲೈಗೆ 10 ಆಂಪ್ಸ್ ಹೋದರೂ ಅದು ನ್ಯಾಯವಾದ ಲೋಡೇ, ಅದಕ್ಕೇನು ಗೊತ್ತು! ಆ ಕೂದಲೆಳೆಯಂಥ ವೈರ್ ಮೆತ್ತಗಾಗಿ, ಹೊಗೆ ಎದ್ದು, ಬೆಂಚಿನ ಮೇಲೆ ಒಂದು ಗೇಣುದ್ದ ಕಪ್ಪು ಗೆರೆ ಬಿತ್ತು. ಭಾನುವಾರ, ಮಕ್ಕಳಿರಲಿಲ್ಲ. ಆ ಗೆರೆ ಇನ್ನೂ ಇದೆ, ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಮನೆಗೆ ವೈರಿಂಗ್ ಮಾಡುವಾಗ ಒಂದೊಂದು ಲೈನಿಗೆ ಒಂದೊಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕದೆ ಬಿಡುವವನಲ್ಲ ನಾನು. ಇಲ್ಲಿ 20 ವೋಲ್ಟ್ ತಾನೇ ಅಂತ ಒಂದೊಂದು ವೈರಿಗೆ 5 ಆಂಪ್ಸಿನ ಫ್ಯೂಸ್ ಹಾಕಲು ಸೋಮಾರಿತನ ಮಾಡಿದೆ. ವೋಲ್ಟ್ ಕಡಿಮೆ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಷ್ಟೆ, ಬೆಂಕಿಗೆ ಆಂಪ್ಸ್ ಸಾಕು. ಮೊಬೈಲಿನಲ್ಲಿ ವಿಡಿಯೊ ನೋಡಿ ಹೀಗೆ ಡಬ್ಬ ಮಾಡುವ ಹುಡುಗರು ಈಗ ಬೇಕಾದಷ್ಟಿದ್ದಾರೆ, ಅವರಿಗಾಗಿ ಇಷ್ಟು ಬಿಡಿಸಿ ಬರೆದೆ.

ಒಂದೇ ಸಪ್ಲೈಯಿಂದ ಹಲವು ಲ್ಯಾಪ್‌ಟಾಪ್ ಚಾರ್ಜ್ ಮಾಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಮೊನ್ನೆ ಕೊಟ್ಟಿಗೆಹಾರದ ಹತ್ತಿರದ ಹೋಮ್‌ಸ್ಟೇಯಲ್ಲಿ ಬೆಂಗಳೂರಿನ ಹುಡುಗರು ಅಂಗೈಯಗಲದ ಒಂದು 100 ವ್ಯಾಟ್ ಟೈಪ್-ಸಿ ಚಾರ್ಜರಿನಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟಿದ್ದರು. ಅದು ಮೊದಲು ಬರೀ 5 ವೋಲ್ಟ್ ಕೊಟ್ಟು, ಲ್ಯಾಪ್‌ಟಾಪಿನ ಜೊತೆ ಮಾತಾಡಿ, ಎಷ್ಟು ಬೇಕು ಅಂತ ಕೇಳಿಕೊಂಡು ಆಮೇಲೆ 20ಕ್ಕೆ ಏರಿಸುತ್ತದೆ. ಎರಡನೆಯದು ಚುಚ್ಚಿದ ತಕ್ಷಣ ಮೊದಲನೆಯದು ಒಂದು ಕ್ಷಣ ನಿಂತು, ಇಬ್ಬರಿಗೂ ಪಾಲು ಹಾಕಿ ಮತ್ತೆ ಶುರುವಾಯಿತು. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳುವುದಕ್ಕಿಂತ ಸಲೀಸು! ಯುರೋಪಿನವರು 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪಿಗೂ ಟೈಪ್-ಸಿ ಕಡ್ಡಾಯ ಅಂತ ನಿಯಮ ಮಾಡಿದ್ದಾರೆ. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ ಕೂಡ 2023ರಲ್ಲೇ ಟೈಪ್-ಸಿ ಮಾನದಂಡ ಹೊರಡಿಸಿದೆ. ಆದರೆ ಶಾಲೆಗೆ ದಾನ ಬರುವುದೆಲ್ಲ ಉರುಟು ಪಿನ್ನಿನ ಹಳೆಯವೇ ಅಲ್ವಾ.

ಹಾಗಾಗಿ ಆ ಶಾಲೆಯಲ್ಲಿ ಡಬ್ಬ ಬಿಚ್ಚಿ ಬಿಸಾಕಿ, ಅಡಾಪ್ಟರ್‌ಗಳನ್ನೇ ವಾಪಸ್ ತಂದೆ. ಮೇನ್ ಬೋರ್ಡಿನಿಂದ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ ಬೇರೆ ಲೈನ್ ಎಳೆದು, 16 ಆಂಪ್ಸಿನ ಎಂಸಿಬಿ ಹಾಕಿ, ಗೋಡೆಗೇ 12 ಸಾಕೆಟ್ ಕೂರಿಸಿದೆ. ನಾಲ್ಕು ನಾಲ್ಕಕ್ಕೆ ಒಂದು ಸ್ವಿಚ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಬರುವುದು ನಮ್ಮಲ್ಲಿ ಇದ್ದದ್ದೇ. ಬಂದ ಕ್ಷಣ 12 ಅಡಾಪ್ಟರೂ ಒಟ್ಟಿಗೆ ಗುಟುಕು ಎಳೆದರೆ ಲೋಡ್ ಜಾಸ್ತಿ ಇಲ್ಲದಿದ್ದರೂ ಎಂಸಿಬಿ ಬಿದ್ದುಹೋಗಬಹುದು. ಕರೆಂಟ್ ಹೋದಾಗ ಮೂರೂ ಸ್ವಿಚ್ ಆಫ್ ಮಾಡಿ, ಬಂದ ಮೇಲೆ ಒಂದೊಂದೇ ಹಾಕಿ ಅಂತ ಏಳನೇ ಕ್ಲಾಸಿನ ಒಬ್ಬಳಿಗೆ ಹೇಳಿಕೊಟ್ಟಿದ್ದೇನೆ. ಮೇಷ್ಟ್ರು ಮರೆತರೂ ಅವಳು ಮರೆಯುವುದಿಲ್ಲ.

ಇನ್ನೊಂದು ಮಾತು, ಅರ್ತ್. ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಮಕ್ಕಳು ಮೊದಲಿಂದಲೂ ಹೇಳುತ್ತಿದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನೋಡಿದರೆ ಆ ಹಳೇ ಬೋರ್ಡಿನ ಅರ್ತ್ ವೈರ್ ಎಲ್ಲಿಗೂ ಸೇರಿರಲೇ ಇಲ್ಲ. ಒಂದು ಅಡಾಪ್ಟರಿನಿಂದ ಸೋರುವ ಕರೆಂಟ್ ತುಂಬಾ ಕಡಿಮೆ, ಆದರೆ 12 ಅಡಾಪ್ಟರಿನ ಅರ್ತ್ ಒಂದೇ ಬೋರ್ಡಿನಲ್ಲಿ ಕೂಡಿ, ಅದು ನೆಲಕ್ಕೆ ಇಳಿಯದಿದ್ದರೆ ಎಲ್ಲದರ ಸೋರಿಕೆಯೂ ಒಟ್ಟಾಗಿ ಮುಟ್ಟಿದ ಮಗುವಿನ ಮೂಲಕ ದಾರಿ ಹುಡುಕುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ ಮಾಡಿಕೊಳ್ಳುವವರಿಗೆ ನಾನು ಬೈದೇ ಬೈಯುತ್ತೇನೆ.

ಇಷ್ಟಕ್ಕೂ ಸಾಮಾನಿಗೆ ಆದ ಖರ್ಚು ಒಂದು ಹಳೇ ಲ್ಯಾಪ್‌ಟಾಪಿನ ಬೆಲೆಗಿಂತ ಕಡಿಮೆ. ಅದಕ್ಕೇ ದಾನಿಗಳಲ್ಲಿ, ಹಳೆ ವಿದ್ಯಾರ್ಥಿ ಸಂಘದವರಲ್ಲಿ ಕೇಳುವುದು: 12 ಕೊಡುವ ಕಡೆ 11 ಕೊಡಿ, ಉಳಿದ ದುಡ್ಡಿಗೆ ಲೈನ್ ಎಳೆಸಿ, ಅರ್ತ್ ನೋಡಿಸಿ. ವೈರಿನ ಜೊತೆ ಫೋಟೊ ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇನೆ.

ಪಕ್ಕದೂರಿನ ಶಾಲೆಗೆ ಬಂದ 8 ಲ್ಯಾಪ್‌ಟಾಪ್ ಇನ್ನೂ ಬೀರುವಿನಲ್ಲೇ ಇವೆ. ಅಲ್ಲಿ ಬೋರ್ಡ್ ಸುಟ್ಟಿಲ್ಲ, ಯಾಕಂದರೆ ಆ ಕೋಣೆಯಲ್ಲಿ ಪಾಯಿಂಟೇ ಇಲ್ಲ. ಬರುವ ಭಾನುವಾರ ಹೋಗುತ್ತಿದ್ದೇನೆ. ಯಾರಾದರೂ 2.5ರ ವೈರ್ 90 ಮೀಟರಿನ ಒಂದು ಕಾಯಿಲ್ ಕೊಡಿಸಿದರೆ ಸಾಕು, ನನ್ನ ಕೂಲಿ ಬೇಡ.

ಇಂತಿ,
ಒಬ್ಬ ಎಲೆಕ್ಟ್ರಿಷಿಯನ್, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ